ಹೊಸ್ತಿಲಾಚೆ ನಿಂತ ರಕ್ತಪಿಶಾಚಿ

ಸ್ವೀಡನ್ನಿನ ನಿರ್ದೇಶಕ ಟೋಮಾಸ್ ಆಲ್ಫ್ರೆಡ್‌ಸನ್ ಅವರ 2008ರ ಚಿತ್ರ 'ಲೆಟ್ ದ ರೈಟ್ ಒನ್ ಇನ್'ನಲ್ಲಿ ಹೊಸ್ತಿಲ ಬಳಿ ನಡೆಯುವ ದೃಶ್ಯವೊಂದಿದೆ. 12 ವರ್ಷದ ಓಸ್ಕರ್ ಮನೆಯಲ್ಲಿ ಒಬ್ಬನೇ ಇದ್ದಾನೆ. ಪಕ್ಕದ ಮನೆಯ ಎಲಿ ಬಂದು ಬಾಗಿಲಲ್ಲಿ ನಿಲ್ಲುತ್ತಾಳೆ. ಒಳಗೆ ಬಾ ಎಂದು ನೀನು ಬಾಯಿಬಿಟ್ಟು ಕರೆಯಬೇಕು ಎನ್ನುತ್ತಾಳೆ. ಇಲ್ಲೇನು ಗೋಡೆ ಅಡ್ಡ ಇದೆಯೇ, ಕರೆಯದಿದ್ದರೆ ಏನಾಗುತ್ತದೆ ಎಂದು ಹುಡುಗ ಕೆಣಕುತ್ತಾನೆ. ಎಲಿ ಮಾತಿಲ್ಲದೆ ಒಳಗೆ ಕಾಲಿಡುತ್ತಾಳೆ. ಸ್ವಲ್ಪ ಹೊತ್ತಿಗೆ ಅವಳ ಮೈ ನಡುಗತೊಡಗುತ್ತದೆ. ಕಣ್ಣು, ಕಿವಿ, ನೆತ್ತಿ, ಬೆನ್ನು ಎಲ್ಲೆಡೆಯಿಂದ ರಕ್ತ ಒಸರುತ್ತದೆ. ಹೆದರಿದ ಓಸ್ಕರ್ ಅವಳನ್ನು ತಬ್ಬಿಕೊಂಡು, ಒಳಗೆ ಬರಬಹುದು ಎಂದು ಕೂಗುತ್ತಾನೆ.

ಕರೆಯದ ಮನೆಗೆ ರಕ್ತಪಿಶಾಚಿ ಕಾಲಿಡಲಾರದು ಎಂಬ ನಿಯಮ ಯುರೋಪಿನ ಕಥೆಗಳಲ್ಲಿ ಹಳೆಯದು. ಹೊಸ್ತಿಲಿನ ಭಯ ಕನ್ನಡಿಗರಿಗೂ ಅಪರಿಚಿತವಲ್ಲ. 1990ರ ದಶಕದಲ್ಲಿ ಬೆಂಗಳೂರೂ ಸೇರಿದಂತೆ ಕರ್ನಾಟಕದ ಹಲವು ಕಡೆ ಮನೆಬಾಗಿಲುಗಳ ಮೇಲೆ 'ನಾಳೆ ಬಾ' ಎಂದು ಬರೆದಿದ್ದುದು ಅನೇಕರಿಗೆ ನೆನಪಿದ್ದೀತು. ಪರಿಚಿತರ ದನಿಯಲ್ಲಿ ಕೂಗುವ ದೆವ್ವ ಆ ಬರಹ ಓದಿ ಹಿಂದಿರುಗುತ್ತದೆ, ಮರುದಿನ ಬಂದರೂ ಅದೇ ಬರಹ. ಈ ಎರಡು ನಂಬಿಕೆಗಳಿಗೆ ಒಂದಕ್ಕೊಂದು ಚಾರಿತ್ರಿಕ ನಂಟೇನೂ ಇಲ್ಲ. ಆದರೆ ವ್ಯತ್ಯಾಸ ಗಮನಿಸುವಂತಿದೆ. ನಮ್ಮ ಬಾಗಿಲಿಗೆ ಬಂದ ದೆವ್ವವನ್ನು ಉಪಾಯದಿಂದ ಸಾಗಹಾಕಬಹುದು. ಯುರೋಪಿನ ಪಿಶಾಚಿ ಅಪ್ಪಣೆ ಕೇಳುತ್ತದೆ. ಹಾಗಾಗಿ ಒಳಗೆ ಬಿಟ್ಟ ಹೊಣೆ ಮನೆಯವರ ಮೇಲೆಯೇ ಬೀಳುತ್ತದೆ. ಮನೆಯೊಳಗಿನವರು ಅದನ್ನು ಕರೆಯುವುದಾದರೂ ಏಕೆ? ಈ ಪ್ರಶ್ನೆಗೆ ಕಾಲಕಾಲಕ್ಕೆ ಬೇರೆ ಬೇರೆ ಉತ್ತರಗಳು ಬಂದಿವೆ. ಆಲ್ಫ್ರೆಡ್‌ಸನ್ ಅವರ ಚಿತ್ರ ಕೊಡುವ ಉತ್ತರ ಇವೆಲ್ಲಕ್ಕಿಂತ ಕಳವಳಕಾರಿಯಾದುದು.

ಯೋನ್ ಆಯ್‌ವಿದೆ ಲಿಂಡ್‌ಕ್ವಿಸ್ಟ್ 2004ರಲ್ಲಿ ಪ್ರಕಟಿಸಿದ ಕಾದಂಬರಿ ಈ ಚಿತ್ರಕ್ಕೆ ಆಧಾರ, ಚಿತ್ರಕಥೆಯೂ ಅವರದೇ. 1968ರಲ್ಲಿ ಹುಟ್ಟಿದ ಲಿಂಡ್‌ಕ್ವಿಸ್ಟ್ ಲೇಖಕರಾಗುವ ಮೊದಲು ಜಾದೂಗಾರರಾಗಿದ್ದರು, ವೇದಿಕೆಯ ಮೇಲೆ ನಿಂತು ಜನರನ್ನು ನಗಿಸುವ ಕೆಲಸವನ್ನೂ ಮಾಡಿದ್ದರು. ಅವರು ಬೆಳೆದದ್ದು ಸ್ಟಾಕ್‌ಹೋಮಿನ ಪಶ್ಚಿಮ ಹೊರವಲಯದ ಬ್ಲಾಕೆಬೆರ್ಗ್ ಎಂಬ ಬಡಾವಣೆಯಲ್ಲಿ. ಕಥೆ ನಡೆಯುವುದೂ ಅಲ್ಲಿಯೇ, 1980ರ ದಶಕದ ಆರಂಭದಲ್ಲಿ. ಅಪ್ಪ ಅಮ್ಮ ಬೇರೆಯಾಗಿದ್ದಾರೆ. ಓಸ್ಕರ್ ಅಮ್ಮನ ಜೊತೆ ಫ್ಲ್ಯಾಟಿನಲ್ಲಿದ್ದಾನೆ. ಶಾಲೆಯಲ್ಲಿ ಮೂವರು ಹುಡುಗರು ಅವನನ್ನು ದಿನವೂ ಗೋಳುಹೊಯ್ದುಕೊಳ್ಳುತ್ತಾರೆ. ಸಂಜೆ ಅವನು ಚಾಕು ಹಿಡಿದು ಅಂಗಳದ ಮರಕ್ಕೆ ತಿವಿಯುತ್ತಾ, ಆ ಹುಡುಗರು ತನಗೆ ಅಂದ ಮಾತುಗಳನ್ನೇ ಮರಕ್ಕೆ ಅನ್ನುತ್ತಾನೆ. ಪತ್ರಿಕೆಗಳಿಂದ ಕೊಲೆಯ ಸುದ್ದಿಗಳನ್ನು ಕತ್ತರಿಸಿ ಅಂಟಿಸಿಟ್ಟುಕೊಳ್ಳುವುದು ಅವನ ಹವ್ಯಾಸ. ಇಂಥ ಹುಡುಗನ ಪಕ್ಕದ ಮನೆಗೆ ಒಂದು ರಾತ್ರಿ ವಯಸ್ಸಾದ ಒಬ್ಬ ಮನುಷ್ಯನ ಜೊತೆ ಎಲಿ ಬರುತ್ತಾಳೆ. ಕೊರೆಯುವ ಹಿಮದಲ್ಲಿ ಅವಳಿಗೆ ಕೋಟು ಬೇಡ. ವಯಸ್ಸು ಕೇಳಿದರೆ ಹೆಚ್ಚುಕಡಿಮೆ ಹನ್ನೆರಡು ಎನ್ನುತ್ತಾಳೆ. ಹನ್ನೆರಡಾಗಿ ಎಷ್ಟೋ ಕಾಲವಾಗಿದೆ ಎಂಬುದು ಆಮೇಲೆ ತಿಳಿಯುತ್ತದೆ.

ಎಲಿ ಎಲ್ಲಿಂದ ಬಂದಳು ಎಂಬುದನ್ನು ಚಿತ್ರ ಹೇಳುವುದಿಲ್ಲ. ಆದರೆ ರಕ್ತಪಿಶಾಚಿ ಎಂಬ ಕಲ್ಪನೆ ಪಶ್ಚಿಮ ಯುರೋಪಿಗೆ ಎಲ್ಲಿಂದ ಬಂತು ಎಂಬುದಕ್ಕೆ ಸರಕಾರಿ ದಾಖಲೆಗಳೇ ಇವೆ. 1718ರ ಪಸ್ಸರೋವಿಟ್ಜ್ ಒಪ್ಪಂದದ ನಂತರ ತುರ್ಕರ ಕೈಯಲ್ಲಿದ್ದ ಸರ್ಬಿಯಾದ ಉತ್ತರ ಭಾಗ ಆಸ್ಟ್ರಿಯಾದ ಹ್ಯಾಬ್ಸ್‌ಬರ್ಗ್ ದೊರೆಗಳ ವಶಕ್ಕೆ ಬಂತು. ಅಲ್ಲಿಗೆ ಹೋದ ಅಧಿಕಾರಿಗಳು ಹಳ್ಳಿಗರ ವಿಚಿತ್ರ ದೂರುಗಳನ್ನು ಕೇಳಬೇಕಾಯಿತು, ಕೇಳಿದ್ದನ್ನು ಬರೆದು ಮೇಲಿನವರಿಗೆ ಕಳಿಸಬೇಕಾಯಿತು. 1725ರಲ್ಲಿ ಕಿಸಿಲೋವಾ ಎಂಬ ಹಳ್ಳಿಯಲ್ಲಿ ಪೀಟರ್ ಪ್ಲೊಗೊಯೊವಿಟ್ಜ್ ಎಂಬ ರೈತ ಸತ್ತ. ಹೂಳಿ ಹತ್ತು ವಾರ ಕಳೆದ ಮೇಲೆ ಊರಿನಲ್ಲಿ ಒಂದು ವಾರದೊಳಗೆ ಒಂಬತ್ತು ಜನ ತೀರಿಕೊಂಡರು. ಪೀಟರ್ ರಾತ್ರಿ ಬಂದು ತಮ್ಮ ಮೇಲೆ ಬಿದ್ದು ಕತ್ತು ಒತ್ತಿದನೆಂದು ಸಾಯುವ ಮೊದಲು ಅವರು ಹೇಳಿದರಂತೆ. ಗಂಡ ಮನೆಗೆ ಬಂದು ತನ್ನ ಕೆರಗಳನ್ನು ಕೇಳಿದ ಎಂದು ಹೆಂಡತಿ ಹೇಳಿ ಊರನ್ನೇ ಬಿಟ್ಟುಹೋದಳು. ಗೋರಿ ತೆಗೆಯಲು ಅಧಿಕಾರಿ ಫ್ರೋಂಬಾಲ್ಡ್ ಮೊದಲು ಒಪ್ಪಲಿಲ್ಲ. ಒಪ್ಪದಿದ್ದರೆ ನಾವೆಲ್ಲ ಊರು ಖಾಲಿ ಮಾಡುತ್ತೇವೆ ಎಂದು ಹಳ್ಳಿಗರು ಪಟ್ಟುಹಿಡಿದಾಗ ಪಾದ್ರಿಯ ಜೊತೆ ತಾನೂ ಹೋಗಿ ನಿಂತ. ಹೆಣ ಕೊಳೆತಿರಲಿಲ್ಲ, ಬಾಯಲ್ಲಿ ಹಸಿರಕ್ತವಿತ್ತು ಎಂದು ಅವನ ವರದಿ ಹೇಳುತ್ತದೆ. ಜನ ಎದೆಗೆ ಗೂಟ ಹೊಡೆದು ಹೆಣವನ್ನು ಸುಟ್ಟರು. ಆ ವರದಿ ಅದೇ ವರ್ಷ ವಿಯೆನ್ನಾದ ಪತ್ರಿಕೆಯಲ್ಲಿ ಅಚ್ಚಾಯಿತು.

ಏಳು ವರ್ಷದ ನಂತರ ಬಂದ ಇನ್ನೊಂದು ವರದಿ ಯುರೋಪಿನಲ್ಲೆಲ್ಲ ಗುಲ್ಲೆಬ್ಬಿಸಿತು. ಮೆದ್ವೆಜಾ ಎಂಬ ಹಳ್ಳಿಯಲ್ಲಿ ಮೂರು ತಿಂಗಳಲ್ಲಿ 17 ಜನ ಸತ್ತಿದ್ದರು. ಕೆಲವು ವರ್ಷ ಹಿಂದೆ ಹುಲ್ಲಿನ ಬಂಡಿಯಿಂದ ಬಿದ್ದು ಕತ್ತು ಮುರಿದುಕೊಂಡು ಸತ್ತಿದ್ದ ಆರ್ನೋಲ್ಡ್ ಪಾವೊಲೆ ಎಂಬಾತನೇ ಈ ಪಿಡುಗಿನ ಮೂಲ ಎಂದು ಊರವರು ನಂಬಿದ್ದರು. ಸೇನಾ ಶಸ್ತ್ರವೈದ್ಯ ಯೋಹಾನ್ ಫ್ಲುಕಿಂಗರ್ 1732ರ ಜನವರಿಯಲ್ಲಿ ಗೋರಿಗಳನ್ನು ಒಂದೊಂದಾಗಿ ತೆಗೆಸಿ, ಒಳಗಿನ ಹೆಣಗಳ ಸ್ಥಿತಿಯನ್ನು ದಾಖಲಿಸಿದ. 20 ವರ್ಷದ ಹೆಂಗಸೊಬ್ಬಳ ವಿವರ ಆ ವರದಿಯಲ್ಲಿದೆ. ಚೆನ್ನಾಗಿಯೇ ಇದ್ದು ಮಲಗಿದವಳು ನಡುರಾತ್ರಿ ಚೀರಿ ಎದ್ದಳು. ಒಂಬತ್ತು ವಾರ ಹಿಂದೆ ಸತ್ತ ಊರಿನದೇ ಹುಡುಗ ಬಂದು ಕತ್ತು ಹಿಸುಕಿದನೆಂದಳು. ಮೂರನೆಯ ದಿನಕ್ಕೆ ತೀರಿಕೊಂಡಳು. ಇಂಗ್ಲಿಷಿನಲ್ಲಿ 'ವ್ಯಾಂಪೈರ್' ಎಂಬ ಪದ ಜನರ ಬಾಯಿಗೆ ಬಿದ್ದದ್ದು ಈ ವರದಿಯ ಸುದ್ದಿ 1732ರಲ್ಲಿ ಲಂಡನ್ನಿನ ಪತ್ರಿಕೆಗಳಿಗೆ ತಲುಪಿದ ಮೇಲೆ.

ವೈದ್ಯ ಸುಳ್ಳು ಬರೆದಿರಲಿಲ್ಲ. ಕಂಡದ್ದನ್ನೇ ಬರೆದಿದ್ದ, ಕಂಡದ್ದರ ಅರ್ಥ ತಿಳಿದಿರಲಿಲ್ಲ ಅಷ್ಟೆ. ಅಮೆರಿಕದ ಜಾನಪದ ವಿದ್ವಾಂಸ ಪಾಲ್ ಬಾರ್ಬರ್ 1988ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇದನ್ನು ವಿವರವಾಗಿ ಬಿಡಿಸಿಟ್ಟಿದ್ದಾರೆ. ಚಳಿಯ ನೆಲದಲ್ಲಿ ಹೂತ ಹೆಣ ನಿಧಾನವಾಗಿ ಕೊಳೆಯುತ್ತದೆ. ಒಳಗಿನ ಅನಿಲದಿಂದ ಹೊಟ್ಟೆ ಉಬ್ಬಿ, ಹೊಟ್ಟೆ ತುಂಬ ಉಂಡವನಂತೆ ಕಾಣುತ್ತದೆ. ಅದೇ ಒತ್ತಡಕ್ಕೆ ಕೆಂಪು ದ್ರವ ಬಾಯಿ ಮೂಗುಗಳಿಗೆ ನುಗ್ಗುತ್ತದೆ. ಮೇಲಿನ ಚರ್ಮ ಮತ್ತು ಉಗುರು ಕಳಚಿ ಬಿದ್ದಾಗ ಕೆಳಗಿನ ಪದರ ಹೊಸ ಚರ್ಮದ ಹಾಗೆ ತೋರುತ್ತದೆ. ಗೂಟ ಹೊಡೆದಾಗ ಅನಿಲ ಹೊರಬಂದು ಹೆಣ ನರಳಿದಂತೆ ಸದ್ದಾಗುತ್ತದೆ. ಸಾಂಕ್ರಾಮಿಕ ರೋಗದಲ್ಲಿ ಮೊದಲು ಸತ್ತವನು ತನ್ನವರನ್ನು ಕರೆದೊಯ್ಯಲು ಬಂದ ಎಂದು ಜನ ನಂಬುವುದು ಅಷ್ಟೇನೂ ಅಸಹಜವಲ್ಲ. 1755ರಲ್ಲಿ ಸಾಮ್ರಾಜ್ಞಿ ಮರಿಯಾ ತೆರೇಸಾ ತನ್ನ ವೈದ್ಯ ಗೆರಾರ್ಡ್ ಫಾನ್ ಸ್ವೀಟನ್‌ನಿಂದ ಇಂಥದೇ ಒಂದು ಪ್ರಕರಣದ ವರದಿ ತರಿಸಿಕೊಂಡು, ಗೋರಿ ಅಗೆಯುವುದು, ಹೆಣಕ್ಕೆ ಗೂಟ ಹೊಡೆಯುವುದು, ಸುಡುವುದು ಎಲ್ಲವನ್ನೂ ನಿಷೇಧಿಸಿದಳು.

ಈ ಹಳ್ಳಿಗಳ ಪಿಶಾಚಿಗೆ ಕಪ್ಪು ನಿಲುವಂಗಿಯಿಲ್ಲ, ಕೋಟೆಯಿಲ್ಲ, ರಾಜಗಾಂಭೀರ್ಯವಿಲ್ಲ. ಕೆರ ಕೇಳಿಕೊಂಡು ಬರುವ ಗಂಡ, ಪಕ್ಕದ ಮನೆಯ ಹುಡುಗ, ಇಂಥವರೇ ಅಲ್ಲಿನ ರಕ್ತಪಿಶಾಚಿಗಳು. ಒಳಗೆ ಬರಲು ಅಪ್ಪಣೆ ಬೇಕು ಎಂಬ ನಿಯಮವೂ ಆ ಎರಡು ವರದಿಗಳಲ್ಲಿ ಇಲ್ಲ. ಅದು ಅವರ ಸ್ವಂತ ಮನೆ, ಸ್ವಂತ ಊರು. ಅಲ್ಲಿಗೆ ಬರಲು ಯಾರ ಅಪ್ಪಣೆ ಬೇಕು?

ಅಪ್ಪಣೆಯ ಪ್ರಶ್ನೆ ಎದ್ದದ್ದು ಪಿಶಾಚಿ ಹೊರಗಿನವನಾದ ಮೇಲೆ. ಆ ಬದಲಾವಣೆ ಆದದ್ದು ಸಾಹಿತಿಗಳ ಕೈಯಲ್ಲಿ. 1815ರಲ್ಲಿ ಇಂಡೋನೇಷ್ಯಾದ ಟಾಂಬೋರಾ ಜ್ವಾಲಾಮುಖಿ ಸಿಡಿದು, ಅದರ ಧೂಳಿನಿಂದಾಗಿ ಮರುವರ್ಷ ಯುರೋಪಿಗೆ ಬೇಸಿಗೆಯೇ ಬರಲಿಲ್ಲ. ಮಳೆ ಹಿಡಿದ ಆ ಜೂನ್ ತಿಂಗಳಲ್ಲಿ ಜಿನೀವಾ ಸರೋವರದ ದಂಡೆಯ ಮನೆಯೊಂದರಲ್ಲಿ ಕವಿ ಬೈರನ್, ಅವನ ವೈದ್ಯ ಜಾನ್ ಪೊಲಿಡೋರಿ, ಕವಿ ಶೆಲ್ಲಿ ಮತ್ತು ಮುಂದೆ ಮೇರಿ ಶೆಲ್ಲಿ ಎಂದು ಹೆಸರಾದ 18ರ ತರುಣಿ ಒಟ್ಟು ಸೇರಿ ದೆವ್ವದ ಕಥೆ ಬರೆಯುವ ಪಂದ್ಯ ಕಟ್ಟಿದ್ದು ಪ್ರಸಿದ್ಧ ಸಂಗತಿ. ಮೇರಿಯ 'ಫ್ರಾಂಕನ್‌ಸ್ಟೈನ್' ಹುಟ್ಟಿದ್ದು ಅಲ್ಲಿ. ಅಷ್ಟಾಗಿ ಪ್ರಸಿದ್ಧವಲ್ಲದ ಇನ್ನೊಂದು ಸಂಗತಿ ಪೊಲಿಡೋರಿಯ ದಿನಚರಿಯಲ್ಲಿದೆ. ಜೂನ್ 18ರ ರಾತ್ರಿ ಬೈರನ್ ಕೋಲ್‌ರಿಜ್ ಕವಿಯ 'ಕ್ರಿಸ್ಟಬೆಲ್' ಕವನದ ಸಾಲುಗಳನ್ನು ಹೇಳಿದಾಗ ಶೆಲ್ಲಿ ಕಿರುಚಿ, ಮೇಣದ ಬತ್ತಿ ಹಿಡಿದು ಹೊರಗೆ ಓಡಿದನಂತೆ. ಮುಖಕ್ಕೆ ನೀರೆರಚಿ ಅವನನ್ನು ಸಮಾಧಾನಪಡಿಸಬೇಕಾಯಿತು. ಆ ಕವನದ ನಾಯಕಿ ತಾಯಿಯಿಲ್ಲದ ಒಂಟಿ ಹುಡುಗಿ. ಕಾಡಿನಲ್ಲಿ ಸಿಕ್ಕ ಅಪರಿಚಿತ ಹೆಂಗಸನ್ನು ಮನೆಗೆ ಕರೆತರುತ್ತಾಳೆ. ಬಾಗಿಲಿಗೆ ಬಂದಾಗ ಆ ಹೆಂಗಸು ಕುಸಿದು ಬೀಳುತ್ತಾಳೆ; ಹುಡುಗಿಯೇ ಅವಳನ್ನು ಎತ್ತಿ ಹೊಸ್ತಿಲು ದಾಟಿಸುತ್ತಾಳೆ. ಓಸ್ಕರನ ಬಾಗಿಲಿನ ದೃಶ್ಯಕ್ಕೆ ಇದನ್ನು ಮುತ್ತಜ್ಜಿ ಎಂದರೆ ತಪ್ಪಾಗದು.

ಪೊಲಿಡೋರಿ ಬರೆದ 'ದ ವ್ಯಾಂಪೈರ್' ಕಥೆ 1819ರಲ್ಲಿ, ಪ್ರಕಾಶಕರ ಕೃಪೆಯಿಂದ ಬೈರನ್ನನ ಹೆಸರಿನಲ್ಲಿ, ಪ್ರಕಟವಾಯಿತು. ಅದರಲ್ಲಿ ಪಿಶಾಚಿಯೇ ಲಾರ್ಡ್. ಲಂಡನ್ನಿನ ಶ್ರೀಮಂತರ ಕೂಟಗಳಲ್ಲಿ ಅವನಿಗೆ ಸ್ವಾಗತ. ಅವನ ಚಹರೆ ಬೈರನ್ನನದೇ ಎಂದು ಓದಿದವರಿಗೆಲ್ಲ ಗೊತ್ತಾಯಿತು. ಯಜಮಾನನ ಮೇಲೆ ವೈದ್ಯ ತೀರಿಸಿಕೊಂಡ ಸೇಡಿನಿಂದ ಯುರೋಪಿನ ಸಾಹಿತ್ಯಕ್ಕೆ ಹೊಸ ಮಾದರಿಯೊಂದು ದೊರೆಯಿತು. ಪೊಲಿಡೋರಿ ಮಾತ್ರ 25ನೇ ವಯಸ್ಸಿನಲ್ಲಿ ತೀರಿಕೊಂಡ. ಸರ್ಬಿಯಾದ ರೈತ ಹೀಗೆ ಸಿರಿವಂತನಾದ. ಈ ಪದದ ಚಲಾವಣೆ ಎಷ್ಟಾಯಿತೆಂದರೆ, 1870ರಲ್ಲಿ ರಿಚರ್ಡ್ ಬರ್ಟನ್ ನಮ್ಮ ಬೇತಾಳನ ಕಥೆಗಳನ್ನು ಇಂಗ್ಲಿಷಿಗೆ ತಂದಾಗ 'ವಿಕ್ರಮ ಮತ್ತು ವ್ಯಾಂಪೈರ್' ಎಂದೇ ಹೆಸರಿಟ್ಟ. ಹೆಣದೊಳಗೆ ಹೊಕ್ಕು, ಮರಕ್ಕೆ ಜೋತುಬಿದ್ದು, ಒಗಟು ಹೇಳಿ ರಾಜನ ನ್ಯಾಯಬುದ್ಧಿ ಪರೀಕ್ಷಿಸುವ ಬೇತಾಳ ಯಾರ ರಕ್ತಕ್ಕೂ ಬಾಯಿಡುವವನಲ್ಲ. ಪುಸ್ತಕ ಮಾರಾಟಕ್ಕೆ ಆ ಹೆಸರು ಅನುಕೂಲವಾಗಿರಬಹುದು. ಬೇತಾಳನಿಗೆ ಅದರಿಂದ ಅನ್ಯಾಯವೇ ಆಯಿತು.

ಐರ್ಲೆಂಡಿನ ಲೇಖಕ ಷೆರಿಡನ್ ಲೆ ಫಾನು 1872ರಲ್ಲಿ ಮುಗಿಸಿದ 'ಕಾರ್ಮಿಲ್ಲಾ' ಕಥೆ ಓಸ್ಕರನಿಗೆ ಇನ್ನೂ ಹತ್ತಿರದ್ದು. ಆಸ್ಟ್ರಿಯಾದ ಕಾಡಂಚಿನ ಮನೆಯಲ್ಲಿ ಲಾರಾ ಎಂಬ ಹುಡುಗಿ ತಂದೆಯ ಜೊತೆ ಇದ್ದಾಳೆ. ಓರಗೆಯ ಗೆಳತಿಯೊಬ್ಬಳು ಬರುವುದಿತ್ತು, ಅವಳು ಸತ್ತ ಸುದ್ದಿ ಬರುತ್ತದೆ. ಆ ನಿರಾಸೆಯ ಸಂಜೆಯೇ ಮನೆಯ ಮುಂದೆ ಗಾಡಿಯೊಂದು ಉರುಳಿ, ಅದರೊಳಗಿದ್ದ ಚೆಲುವೆ ಕಾರ್ಮಿಲ್ಲಾಳನ್ನು ಮನೆಯವರೇ ಒಳಗೆ ಕರೆದುಕೊಳ್ಳುತ್ತಾರೆ. ಲಾರಾಳಿಗೆ ಅವಳ ಮೇಲೆ ಅಕ್ಕರೆ, ಜೊತೆಗೇ ಅಸಹ್ಯ. ಕಥೆ ಮುಗಿದು ವರ್ಷಗಳಾದ ಮೇಲೂ ಅವಳ ಹೆಜ್ಜೆಯ ಸದ್ದಿಗೆ ಕಿವಿಗೊಡುತ್ತಾಳೆ. 'ಪಿಶಾಚಿಯನ್ನು ಏಕೆ ಕರೆಯುತ್ತಾರೆ' ಎಂಬ ಪ್ರಶ್ನೆಗೆ ಒಂಟಿತನ ಎಂಬ ಉತ್ತರ ಸ್ಪಷ್ಟವಾಗಿ ಸಿಗುವುದು ಈ ಕಥೆಯಲ್ಲಿಯೇ. ಆದರೆ ಲೆ ಫಾನುವಿನ ನಾಡಿನವನೇ ಆದ ಬ್ರಾಮ್ ಸ್ಟೋಕರ್ 1897ರಲ್ಲಿ 'ಡ್ರಾಕುಲಾ' ಬರೆದಾಗ ಆ ಎಳೆ ಹಿಂದೆ ಸರಿಯಿತು. ಮನೆಯವರೊಬ್ಬರು ಮೊದಲು ಕರೆಯದಿದ್ದರೆ ಪಿಶಾಚಿ ಒಳಗೆ ಬರಲಾರದು ಎಂಬ ನಿಯಮವನ್ನು ಸ್ಟೋಕರ್ ವಿದ್ವಾಂಸನ ಬಾಯಲ್ಲಿ ಹೇಳಿಸಿ ಗಟ್ಟಿಮಾಡಿದ. ಆದರೆ ಅವನ ಡ್ರಾಕುಲಾ ಲಂಡನ್ನಿಗೆ ನುಗ್ಗುವ ಪರದೇಶಿ ಶತ್ರು. ಅವನನ್ನು ಕೂಡಿ ಬೇಟೆಯಾಡುವ ಗಂಡಸರ ಕಥೆ ಅದು.

ಸಿನಿಮಾ ಹಿಡಿದದ್ದು ಈ ಡ್ರಾಕುಲಾನನ್ನೇ. 1922ರಲ್ಲಿ ಜರ್ಮನಿಯ ಮೂರ್ನೌ ಅಪ್ಪಣೆಯಿಲ್ಲದೆ ಅದನ್ನು 'ನೊಸ್ಫೆರಾಟು' ಎಂಬ ಮೂಕಿ ಚಿತ್ರವಾಗಿಸಿದಾಗ ಸ್ಟೋಕರನ ಪತ್ನಿ ನ್ಯಾಯಾಲಯಕ್ಕೆ ಹೋಗಿ ಪ್ರತಿಗಳನ್ನೆಲ್ಲ ನಾಶಮಾಡುವ ಆಜ್ಞೆ ಪಡೆದರು. ಕೆಲವು ಪ್ರತಿಗಳು ಹೇಗೋ ಉಳಿದುಕೊಂಡವು. ಬಿಸಿಲು ಬಿದ್ದರೆ ರಕ್ತಪಿಶಾಚಿ ಸಾಯುತ್ತದೆ ಎಂದು ಈಗ ಎಲ್ಲರೂ ಪುರಾತನ ನಂಬಿಕೆಯೆಂದು ತಿಳಿದಿರುವುದು ಬಂದದ್ದು ಆ ಚಿತ್ರದಿಂದ. ಸ್ಟೋಕರನ ಡ್ರಾಕುಲಾ ಹಗಲಿನಲ್ಲಿ ಬೀದಿಯಲ್ಲಿ ತಿರುಗಬಲ್ಲವನಾಗಿದ್ದ. ಮುಂದೆ 1931ರಲ್ಲಿ ಬೆಲಾ ಲುಗೋಸಿ, 1958ರಲ್ಲಿ ಬ್ರಿಟನ್ನಿನ ಹ್ಯಾಮರ್ ಸಂಸ್ಥೆಯ ಚಿತ್ರದಲ್ಲಿ ಕ್ರಿಸ್ಟೊಫರ್ ಲೀ ನಿಲುವಂಗಿ ತೊಟ್ಟರು. 1976ರಲ್ಲಿ ಅಮೆರಿಕದ ಆನ್ ರೈಸ್ ತಮ್ಮ ಕಾದಂಬರಿಯಲ್ಲಿ ಎಂದೂ ಬೆಳೆಯಲಾರದ ಮಗು ಪಿಶಾಚಿಯೊಂದನ್ನು ತಂದರು. ರೈಸ್ ಅವರ ಪುಟ್ಟ ಮಗಳು 1972ರಲ್ಲಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡಿದ್ದಳು. ಅದೇ ದಶಕದ ಕೊನೆಗೆ ಜಾರ್ಜ್ ರೊಮೇರೊ 'ಮಾರ್ಟಿನ್' ಚಿತ್ರದಲ್ಲಿ, ತಾನು ರಕ್ತಪಿಶಾಚಿ ಎಂದು ನಂಬಿದ ಒಂಟಿ ತರುಣನನ್ನು ಪಾಳುಬೀಳುತ್ತಿದ್ದ ಉಕ್ಕಿನ ಪಟ್ಟಣದಲ್ಲಿ ಅಲೆಯಲು ಬಿಟ್ಟರು. ಪಿಶಾಚಿ ಕೋಟೆಯಿಂದ ಇಳಿದು ಮತ್ತೆ ಜನರ ನಡುವೆ ಬರತೊಡಗಿತ್ತು.

ಲಿಂಡ್‌ಕ್ವಿಸ್ಟ್ ಅದನ್ನು ಕರೆತಂದದ್ದು ಸ್ವೀಡನ್ನಿಗೆ. 1928ರಲ್ಲಿ ಅಲ್ಲಿನ ಸಂಸತ್ತಿನಲ್ಲಿ ಸೋಷಿಯಲ್ ಡೆಮಾಕ್ರಟಿಕ್ ನಾಯಕ ಪೇರ್ ಆಲ್ಬಿನ್ ಹಾನ್ಸನ್ ಮಾಡಿದ ಭಾಷಣವೊಂದು ಆ ದೇಶದ ಇತಿಹಾಸದಲ್ಲಿ ಹೆಸರಾದದ್ದು. ದೇಶವೆಂದರೆ ಜನರ ಮನೆಯಾಗಬೇಕು. ಒಳ್ಳೆಯ ಮನೆಯಲ್ಲಿ ಮುದ್ದಿನ ಕೂಸೂ ಇರುವುದಿಲ್ಲ, ಮಲಮಗುವೂ ಇರುವುದಿಲ್ಲ ಎಂಬುದು ಅವರ ವಾದ. 1932ರಲ್ಲಿ ಅವರು ಪ್ರಧಾನಿಯಾದರು. 'ಜನರ ಮನೆ' ಎಂಬ ಮಾತು ಸ್ವೀಡನ್ನಿನ ಕಲ್ಯಾಣರಾಜ್ಯಕ್ಕೇ ಹೆಸರಾಯಿತು. 1950ರ ದಶಕದ ಆರಂಭದಲ್ಲಿ ಕಟ್ಟಿದ ಬ್ಲಾಕೆಬೆರ್ಗ್ ಆ ಕನಸಿನ ಒಂದು ತುಂಡು. ಯೋಜನೆ ಹಾಕಿ ಕಟ್ಟಿದ ಮನೆಗಳು, ಶಾಲೆ, 1952ರಲ್ಲಿ ತೆರೆದ ಮೆಟ್ರೋ ನಿಲ್ದಾಣ, ನಡುವೆ ಮರಗಳಿದ್ದ ಅಂಗಳ. ಈ ಊರಿಗೆ ಭೂತಕಾಲವೇ ಇರಲಿಲ್ಲ, ಒಂದು ಚರ್ಚ್ ಕೂಡ ಇರಲಿಲ್ಲ, ಆದ್ದರಿಂದಲೇ ಬಂದದ್ದನ್ನು ಗುರುತಿಸಲು ಯಾರಿಗೂ ಆಗಲಿಲ್ಲ ಎಂಬರ್ಥದ ಮಾತಿನಿಂದ ಕಾದಂಬರಿ ತೆರೆದುಕೊಳ್ಳುತ್ತದೆ. ಕಾದಂಬರಿಯ ಕಾಲ 1981ರ ಶರತ್ತು. ಆ ಅಕ್ಟೋಬರ್ 27ರಂದು ಸೋವಿಯತ್ ಜಲಾಂತರ್ಗಾಮಿಯೊಂದು ಸ್ವೀಡನ್ನಿನ ನೌಕಾನೆಲೆಯ ಬಳಿಯೇ ಬಂಡೆಗೆ ಸಿಕ್ಕಿಬಿತ್ತು. ತಟಸ್ಥ ದೇಶದ ಹೊಸ್ತಿಲನ್ನು ಕರೆಯದ ಅತಿಥಿ ದಾಟಿದ ಈ ಸುದ್ದಿಯೂ ಕಥೆಯ ಹಿನ್ನೆಲೆಯಲ್ಲಿ ಸುಳಿಯುತ್ತದೆ.

ಚಿತ್ರ ನೋಡಿದವರು ಮರೆಯಬಾರದ ಇನ್ನೊಂದು ಹಿನ್ನೆಲೆಯಿದೆ. 1979ರಲ್ಲಿ, ಮಕ್ಕಳಿಗೆ ಮನೆಯಲ್ಲಿಯೂ ಹೊಡೆಯಕೂಡದೆಂದು ಕಾನೂನು ಮಾಡಿದ ಜಗತ್ತಿನ ಮೊದಲ ದೇಶ ಸ್ವೀಡನ್. ಮಕ್ಕಳೇ ಸೇರಿ ಒಂದು ಮಗುವನ್ನು ಹಿಂಸಿಸುವುದಕ್ಕೆ ಹೆಸರು ಸಿಕ್ಕಿದ್ದೂ ಅಲ್ಲಿಯೇ. ವೈದ್ಯ ಪೀಟರ್ ಪಾಲ್ ಹೈನೆಮಾನ್ 1969ರಲ್ಲಿ ಇದನ್ನು 'ಮಾಬ್ನಿಂಗ್' ಎಂದು ಕರೆದರು. ಹಕ್ಕಿಗಳು ಗುಂಪುಗೂಡಿ ಒಂದರ ಮೇಲೆ ಎರಗುವುದಕ್ಕೆ ಪ್ರಾಣಿತಜ್ಞ ಕಾನ್ರಾಡ್ ಲಾರೆನ್ಸ್ ಬಳಸಿದ್ದ ಪದದಿಂದ ಪಡೆದದ್ದು ಅದು. 1973ರಲ್ಲಿ ಮನಶ್ಶಾಸ್ತ್ರಜ್ಞ ಡಾನ್ ಓಲ್ವೇಯುಸ್ ಶಾಲಾ ಹುಡುಗರನ್ನು ಅಧ್ಯಯನ ಮಾಡಿ ಪ್ರಕಟಿಸಿದ ಪುಸ್ತಕವನ್ನು ಈ ವಿಷಯದ ವೈಜ್ಞಾನಿಕ ಸಂಶೋಧನೆಯ ಆರಂಭವೆಂದು ಪರಿಗಣಿಸುತ್ತಾರೆ. ಗುಂಪು ಎಂಬ ಮಾತಿಗೆ ಅವರ ಆಕ್ಷೇಪವಿತ್ತು: ಹಿಂಸಿಸುವವರು ಸಾಮಾನ್ಯವಾಗಿ ಇಬ್ಬರು ಮೂವರು, ಉಳಿದವರು ಸುಮ್ಮನಿರುವವರು. ನೆರೆಯ ನಾರ್ವೆಯಲ್ಲಿ 1982ರ ಕೊನೆಗೆ ಮೂವರು ಬಾಲಕರು ಆತ್ಮಹತ್ಯೆ ಮಾಡಿಕೊಂಡ ಮೇಲೆ, 1983ರಲ್ಲಿ ದೇಶದ ಎಲ್ಲ ಶಾಲೆಗಳಲ್ಲಿ ಇದರ ವಿರುದ್ಧ ಅಭಿಯಾನ ನಡೆಯಿತು. ಓಸ್ಕರನ ಕಥೆ ನಡೆಯುವುದು ಸರಿಯಾಗಿ ಆ ಹೊತ್ತಿನಲ್ಲಿ. ಮಕ್ಕಳ ಮೈಮೇಲೆ ಕೈಮಾಡಬಾರದೆಂದು ದೊಡ್ಡವರು ಕಲಿತಿದ್ದರು. ಮಕ್ಕಳ ನಡುವೆ ಏನಾಗುತ್ತಿದೆ ಎಂಬುದು ಅವರ ಕಣ್ಣಿಗೆ ಇನ್ನೂ ಬಿದ್ದಿರಲಿಲ್ಲ.

ಚಿತ್ರದಲ್ಲಿ ಹುಡುಗರು ಓಸ್ಕರನಿಗೆ ಬರಲಿನಿಂದ ಹೊಡೆಯುತ್ತಾರೆ, ಕೆನ್ನೆ ಸೀಳುತ್ತದೆ. ಬಿದ್ದೆ ಎಂದು ಅವನು ಅಮ್ಮನಿಗೆ ಸುಳ್ಳು ಹೇಳುತ್ತಾನೆ, ಅವಳು ನಂಬುತ್ತಾಳೆ. ಅಪ್ಪ ಹಳ್ಳಿಯಲ್ಲಿದ್ದಾನೆ, ಮಗನ ಜೊತೆ ಹಿಮದಲ್ಲಿ ಆಡುತ್ತಾನೆ, ಆದರೆ ಕುಡಿಯುವ ಗೆಳೆಯ ಬಂದು ಕೂತ ಕ್ಷಣ ಮಗ ಅಲ್ಲಿ ಹೊರಗಿನವನಾಗುತ್ತಾನೆ. ಶಿಕ್ಷಕರು ಒಳ್ಳೆಯವರೇ. ಇಡೀ ಚಿತ್ರದಲ್ಲಿ ಕೆಟ್ಟ ತಾಯಿತಂದೆಯಾಗಲಿ, ಕ್ರೂರ ಉಪಾಧ್ಯಾಯನಾಗಲಿ ಇಲ್ಲ. ಸರ್ಬಿಯಾದ ಹಳ್ಳಿಯಲ್ಲಿ ಎಲ್ಲರಿಗೂ ಎಲ್ಲರ ವಿಷಯ ಗೊತ್ತಿತ್ತು. ಸತ್ತವನೂ ಯಾರ ಮನೆಯವನೆಂದು ಗೊತ್ತಿತ್ತು. ಇಲ್ಲಿ ಗೋಡೆಯಾಚೆಯವರ ಹೆಸರು ಕೂಡ ಯಾರಿಗೂ ತಿಳಿಯದು. ಹುಡುಗನ ಗಾಯ ನೋಡಿ ನಿಜ ಏನೆಂದು ಕೇಳುವುದು ಎಲಿ ಮಾತ್ರ. ತಿರುಗಿ ಹೊಡೆ, ಜೋರಾಗಿ ಹೊಡೆ ಎಂದು ಹೇಳಿಕೊಡುವುದೂ ಅವಳೇ. ಗೋಡೆಯ ಈಚೆ ಆಚೆ ಇಬ್ಬರೂ ಮೋರ್ಸ್ ಸಂಕೇತದಲ್ಲಿ ಬೆರಳಿಂದ ತಟ್ಟಿ ಮಾತಾಡುವ ದೃಶ್ಯಗಳು ಚಿತ್ರದ ಅತಿ ಮೃದುವಾದ ಭಾಗಗಳು.

ಹಾಗೆಂದು ಇದನ್ನು ಮಕ್ಕಳ ಸ್ನೇಹದ ಕಥೆ ಎಂದು ಹೊಗಳಿ ಸುಮ್ಮನಾಗುವುದು ಕಷ್ಟ. ಸೇತುವೆಯ ಕೆಳಗೆ ಮಗುವಿನ ದನಿಯಲ್ಲಿ ಸಹಾಯ ಕೇಳುವ ಎಲಿಯನ್ನು ಎತ್ತಿಕೊಳ್ಳಲು ಬಗ್ಗಿದ ಮನುಷ್ಯ ಸಾಯುವುದು ತನ್ನ ಒಳ್ಳೆಯತನಕ್ಕಾಗಿ. ಅವಳ ಕಚ್ಚಿನಿಂದ ಅರೆಪಿಶಾಚಿಯಾದ ಹೆಂಗಸು ಆಸ್ಪತ್ರೆಯಲ್ಲಿ ತಾನೇ ಪರದೆ ತೆರೆಸಿಕೊಂಡು ಬೆಳಕಿನಲ್ಲಿ ಉರಿದುಹೋಗುತ್ತಾಳೆ. ಆಕೆಯ ಜೊತೆಗಾರ ಎಲಿಯನ್ನು ಹುಡುಕಿಕೊಂಡು ಬಂದು ತಾನೂ ಸಾಯುವಾಗ ಓಸ್ಕರ್ ಮಾಡುವುದಿಷ್ಟೆ: ಸ್ನಾನದ ಮನೆಯ ಬಾಗಿಲನ್ನು ಹೊರಗಿನಿಂದ ಮೆಲ್ಲಗೆ ಮುಚ್ಚುತ್ತಾನೆ. ಅವಳ ಜೊತೆ ಬಂದಿದ್ದ ಹೋಕನ್ ಎಂಬ ಮುದುಕ ಅವಳಿಗಾಗಿ ರಕ್ತ ತರುವವನು. ಸಿಕ್ಕಿಬಿದ್ದಾಗ ಗುರುತು ಸಿಗದಿರಲೆಂದು ತನ್ನ ಮುಖಕ್ಕೇ ಆಮ್ಲ ಸುರಿದುಕೊಂಡು, ಕೊನೆಗೆ ಆಸ್ಪತ್ರೆಯ ಕಿಟಕಿಯಲ್ಲಿ ಅವಳಿಗೆ ತನ್ನ ಕತ್ತನ್ನೇ ಒಡ್ಡುತ್ತಾನೆ. ಕಾದಂಬರಿಯಲ್ಲಿ ಅವನು ಮಕ್ಕಳ ಮೇಲೆ ಕಣ್ಣಿಟ್ಟ ವಿಕೃತ. ಚಿತ್ರ ಅದನ್ನು ಹೇಳುವುದಿಲ್ಲ. ಎಲಿ ನಿಜಕ್ಕೂ ಹುಡುಗಿಯಲ್ಲ, ಶತಮಾನಗಳ ಹಿಂದೆ ಅಂಗಚ್ಛೇದಕ್ಕೆ ಒಳಗಾದ ಹುಡುಗ ಎಂಬ ಕಾದಂಬರಿಯ ದೀರ್ಘ ವೃತ್ತಾಂತವೂ ಚಿತ್ರದಲ್ಲಿ ಒಂದು ಮಾತು, ಗಾಯದ ಒಂದು ಮಿಂಚುನೋಟ ಇಷ್ಟಕ್ಕೆ ಇಳಿದಿದೆ. ಹೀಗೆ ಬಿಟ್ಟದ್ದರಿಂದ ಚಿತ್ರಕ್ಕೆ ಲಾಭವೇ ಆಗಿದೆ.

ಹಿಮಕ್ಕಾಗಿ ಚಿತ್ರದ ಹೆಚ್ಚಿನ ಭಾಗವನ್ನು ಸ್ವೀಡನ್ನಿನ ಉತ್ತರದ ಲುಲಿಯೊ ನಗರದಲ್ಲಿ ತೆಗೆದರು. ಎಲಿಯಾಗಿ ನಟಿಸಿದ ಲೀನಾ ಲಿಯಾಂಡರ್‌ಸನ್ ಅವರ ದನಿಯ ಬದಲು ಇನ್ನೊಬ್ಬರ ತಗ್ಗಿದ ದನಿಯನ್ನು ಸೇರಿಸಿದ್ದಾರೆ; ಮಗುವಿನ ಮುಖ, ಮಗುವಿನದಲ್ಲದ ಕೊರಳು. ಛಾಯಾಗ್ರಾಹಕ ಹಾಯ್ಟೆ ವಾನ್ ಹಾಯ್ಟೆಮ ಅವರ ಬೆಳಕು ಮಂಕು, ಕ್ಯಾಮೆರಾ ನಿಧಾನ. ಬೆಕ್ಕುಗಳು ಹೆಂಗಸಿನ ಮೇಲೆ ಎರಗುವ ದೃಶ್ಯವೊಂದು ಮಾತ್ರ ನಗೆ ಬರಿಸುವಷ್ಟು ಪೇಲವ. ಅದಿಲ್ಲದಿದ್ದರೆ ಚೆನ್ನಾಗಿತ್ತು. ಕೊನೆಯಲ್ಲಿ ಈಜುಕೊಳದಲ್ಲಿ ಹುಡುಗರು ಓಸ್ಕರನ ತಲೆಯನ್ನು ನೀರಿನಡಿ ಒತ್ತಿಹಿಡಿದಾಗ ಕ್ಯಾಮೆರಾ ನೀರಿನೊಳಗೇ ಇರುತ್ತದೆ. ಮೇಲೆ ಏನಾಯಿತೆಂಬುದು ನೀರಿಗೆ ಬಿದ್ದ ತಲೆ, ಜೋತ ಕೈ ಇವುಗಳಿಂದ ತಿಳಿಯುತ್ತದೆ. ಪ್ರೇಕ್ಷಕರಿಗೆ ಆಗ ಆಗುವುದು ಸಮಾಧಾನ. ಮಕ್ಕಳ ಹತ್ಯೆ ನೋಡಿ ಸಮಾಧಾನಪಟ್ಟೆವಲ್ಲ ಎಂದು ಹೊಳೆಯುವುದು ಚಿತ್ರಮಂದಿರದಿಂದ ಹೊರಬಂದ ಮೇಲೆ.

ಆಮೇಲೆ ರೈಲು. ಓಸ್ಕರ್ ಊರು ಬಿಟ್ಟು ಹೊರಟಿದ್ದಾನೆ, ಪಕ್ಕದಲ್ಲಿ ದೊಡ್ಡ ಪೆಟ್ಟಿಗೆ; ಒಳಗೆ ಎಲಿ. ಇಬ್ಬರೂ ಪೆಟ್ಟಿಗೆಯ ಮೇಲೆ ತಟ್ಟಿ ಮಾತಾಡುತ್ತಾರೆ. ಹೋಕನ್ ಕೂಡ ಒಂದು ಕಾಲಕ್ಕೆ ಇಂಥದೇ ಹುಡುಗನಾಗಿದ್ದಿರಬೇಕು, 50 ವರ್ಷದ ಮೇಲೆ ಓಸ್ಕರ್ ಚಾಕು ಮತ್ತು ಕ್ಯಾನ್ ಹಿಡಿದು ಕಾಡಿಗೆ ಹೋಗುವವನಾಗುತ್ತಾನೆ ಎಂದು ಅನೇಕ ಪ್ರೇಕ್ಷಕರು ಅರ್ಥಮಾಡಿಕೊಂಡರು. 2010ರಲ್ಲಿ ಅಮೆರಿಕದ ಮ್ಯಾಟ್ ರೀವ್ಸ್ ಇದನ್ನೇ ಲಾಸ್ ಅಲಾಮೋಸ್ ಪಟ್ಟಣಕ್ಕೆ, 1983ಕ್ಕೆ ಒಯ್ದು 'ಲೆಟ್ ಮಿ ಇನ್' ಎಂದು ಮತ್ತೆ ಮಾಡಿದಾಗ, ಆ ಮುದುಕನ ಎಳೆತನದ ಫೋಟೋ ತೋರಿಸಿ ಈ ಅರ್ಥವನ್ನು ಖಚಿತಪಡಿಸಿದರು. ಆ ಚಿತ್ರದ ನಿರ್ಮಾಣದಲ್ಲಿ ಇದ್ದದ್ದು, ಕ್ರಿಸ್ಟೊಫರ್ ಲೀಗೆ ನಿಲುವಂಗಿ ತೊಡಿಸಿದ್ದ ಅದೇ ಹ್ಯಾಮರ್ ಹೆಸರು. ಲಿಂಡ್‌ಕ್ವಿಸ್ಟ್ ಈ ಅರ್ಥವನ್ನು ಒಪ್ಪಲಿಲ್ಲ. 'ಲೆಟ್ ದಿ ಓಲ್ಡ್ ಡ್ರೀಮ್ಸ್ ಡೈ' ಎಂದು ಇಂಗ್ಲಿಷಿಗೆ ಬಂದ ಸಣ್ಣಕಥೆಯಲ್ಲಿ ಅವರು ಬ್ಲಾಕೆಬೆರ್ಗಿಗೇ ಮರಳಿ, ಅಲ್ಲಿ ಉಳಿದವರ ಬಾಯಲ್ಲಿ ಬೇರೆಯೇ ಅಂತ್ಯ ಹೇಳಿಸಿದ್ದಾರೆ: ಓಸ್ಕರನೂ ಎಲಿಯಂತೆಯೇ ಆಗಿಬಿಟ್ಟ, ವರ್ಷಗಳು ಕಳೆದರೂ ಇಬ್ಬರೂ ಹನ್ನೆರಡರಲ್ಲಿಯೇ ಉಳಿದಿದ್ದಾರೆ.